ಅರವಟ್ಟಿಗೆ ಮುಚ್ಚುವ ಹಕ್ಕು

ಎರಡು ವರ್ಷದ ಹಿಂದೆ ಒಂದು ಶನಿವಾರ ಬೆಳಿಗ್ಗೆ ಇಂದಿರಾನಗರದ ಸಿಎಂಎಚ್ ರಸ್ತೆಯ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ನನಗೊಂದು ಇಮೇಲ್ ಬಂತು. ಮಾಲೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದದ್ದು. "ಮಾನ್ಯರೇ, ತಮ್ಮ ಆ್ಯಪ್ ನಿನ್ನೆ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಯಿತು. ಇಂದು ತೆರೆದು ನೋಡಿದರೆ ನನ್ನ ಬರಹದಲ್ಲಿ ರಾಜ್‌ಕುಮಾರ್ ಅವರು ರಾಜ್ಕುಮಾರ್ ಆಗಿದ್ದಾರೆ. ಬೇರೆ ಪದಗಳೂ ಹಾಗೆಯೇ ಕೆಟ್ಟಿವೆ. ಇದು ನಾಲ್ಕು ವರ್ಷದ ಬರಹ. ನಾನೇನಾದರೂ ತಪ್ಪು ಬಟನ್ ಒತ್ತಿದೆನೇ? ದಯವಿಟ್ಟು ತಿಳಿಸಿ."

ಅವರು ಯಾವ ಬಟನ್ನೂ ಒತ್ತಿರಲಿಲ್ಲ. ಒತ್ತಿದವನು ನಾನು.

ಅದೊಂದು ಸಣ್ಣ ಆಂಡ್ರಾಯ್ಡ್ ಆ್ಯಪ್. ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟುಕೊಳ್ಳುವುದಕ್ಕೆ, ಹುಡುಕುವುದಕ್ಕೆ ಅಷ್ಟೇ. ಜಾಹೀರಾತಿಲ್ಲ, ದುಡ್ಡಿಲ್ಲ, ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಮೊದಲು ಕಟ್ಟಿದವರು ಕೆಲಸ ಬದಲಾಯಿಸಿ ಬೇರೆ ಊರಿಗೆ ಹೋದರು. ಅವರ ಆ್ಯಪನ್ನು ಇಷ್ಟಪಟ್ಟು ಬಳಸುತ್ತಿದ್ದ ನಾನು, ಒಂದು ಮಳೆಗಾಲದಲ್ಲಿ ಎರಡು ಸಣ್ಣ ತಪ್ಪು ತಿದ್ದಿ ಕಳಿಸಿದೆ. ಆರು ತಿಂಗಳಲ್ಲಿ ಅದರ ಕೀಲಿಕೈ ನನ್ನ ಕೈಯಲ್ಲಿತ್ತು. ಓಪನ್ ಸೋರ್ಸ್ ಲೋಕದಲ್ಲಿ ಉತ್ತರಾಧಿಕಾರ ಹೀಗೇ ಬರುವುದು. ಯಾರೂ ಪಟ್ಟ ಕಟ್ಟುವುದಿಲ್ಲ. ಉಳಿದವರೆಲ್ಲ ಎದ್ದುಹೋದ ಮೇಲೆ ಯಾರು ಕೂತಿರುತ್ತಾರೋ ಅವರದ್ದು.

ನಾನು ಮಾಡಿದ್ದು ಇಷ್ಟು. ಹುಡುಕಾಟ ಸರಿಯಾಗಿ ನಡೆಯುತ್ತಿಲ್ಲ ಎಂದು ಒಬ್ಬರು ದೂರಿದ್ದರು. ಕಾರಣ ಸಿಕ್ಕಿತು. ಕನ್ನಡ ಬರಹದಲ್ಲಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳಿವೆ. ಯೂನಿಕೋಡ್‌ನಲ್ಲಿ ಒಂದರ ಸಂಖ್ಯೆ 200ಸಿ, ಇನ್ನೊಂದರದ್ದು 200ಡಿ. ಮೊದಲನೆಯದು ಎರಡು ಅಕ್ಷರ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ನಿಲ್ಲುತ್ತದೆ. ಅದು ಇದ್ದರೆ "ಫೋನ್‌ನಲ್ಲಿ", ಇಲ್ಲದಿದ್ದರೆ "ಫೋನ್ನಲ್ಲಿ". ಎರಡನೆಯದು ಇಲ್ಲದಿದ್ದರೆ "ರ‍್ಯಾಂಕ್" ಎಂಬ ಪದದ ರಕಾರ ಅರ್ಕಾವತ್ತಾಗಿ ಹಾರಿ ಬಲಕ್ಕೆ ಕೂರುತ್ತದೆ, "ಸೂರ್ಯ"ನಲ್ಲಿ ಕೂರುವ ಹಾಗೆ. ಕೆಲವು ಕೀಬೋರ್ಡ್‌ಗಳು ಇವನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಹಾಗಾಗಿ ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ.

ಹಳೆಯ ಕೋಡಿನಲ್ಲಿ, ಕಾಣದ ಚಿಹ್ನೆಗಳನ್ನೆಲ್ಲ ಗುಡಿಸಿ ತೆಗೆಯುವ ಒಂದು ಭಾಗವಿತ್ತು. ಅದರೊಳಗೊಂದು ವಿಚಿತ್ರ ಸಾಲು. ಈ ಎರಡನ್ನು ಮಾತ್ರ ಮುಟ್ಟಬೇಡ ಎನ್ನುತ್ತಿತ್ತು. ಯಾಕೆ ಎಂಬ ಟಿಪ್ಪಣಿ ಇರಲಿಲ್ಲ, ಅದಕ್ಕೊಂದು ಟೆಸ್ಟ್ ಇರಲಿಲ್ಲ. ಕನ್ನಡ ಗೊತ್ತಿರುವ ನನಗೇ ಅದು ಹೊಳೆಯಲಿಲ್ಲ ಎಂಬುದು ಈಗಲೂ ನಾಚಿಕೆ. ನಾನು ಆ ಸಾಲನ್ನು ಅಳಿಸಿದೆ. ಕೋಡು ಮೂರು ಸಾಲು ಚಿಕ್ಕದಾಯಿತು, ನೋಡುವುದಕ್ಕೆ ಚೆನ್ನಾಯಿತು. ಹುಡುಕುವ ಪದವನ್ನು ಹೋಲಿಸುವಾಗ ಮಾತ್ರ ಗುಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಜನರ ಫೋನಿನಲ್ಲಿ ಉಳಿಸಿದ್ದ ಬರಹವನ್ನೇ ಗುಡಿಸಿದೆ.

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಕಾನೂನಿನ ಉತ್ತರ. ಓಪನ್ ಸೋರ್ಸ್ ಪರವಾನಗಿಗಳಲ್ಲಿ ಬಹುಪಾಲು ಎಲ್ಲವೂ ಒಂದೇ ಮಾತು ಹೇಳುತ್ತವೆ: ಇದು ಹೇಗಿದೆಯೋ ಹಾಗೆ ಕೊಡಲಾಗಿದೆ, ಇದರಿಂದ ಏನಾದರೂ ಆದರೆ ಬರೆದವರು ಹೊಣೆಯಲ್ಲ. ನಮ್ಮ ಆ್ಯಪಿನ ಪರವಾನಗಿಯಲ್ಲೂ ಅದೇ ಇದೆ. ಮಾಲೂರಿನ ಮೇಷ್ಟ್ರಿಗೆ ಅದನ್ನು ಕನ್ನಡಿಸಿ ಕಳಿಸಬಹುದಿತ್ತು.

ಹಿಂದಿನ ಕಾಲದಲ್ಲಿ ದಾರಿಯ ಬದಿಗೆ ಅರವಟ್ಟಿಗೆ ಇಡುತ್ತಿದ್ದರು. ಈಗಲೂ ಬೇಸಿಗೆಯಲ್ಲಿ ಶಿವಾಜಿನಗರದ ಬಸ್ ನಿಲ್ದಾಣದ ಸುತ್ತ ಅಲ್ಲೊಂದು ಇಲ್ಲೊಂದು ಮಡಕೆ ಕಾಣುತ್ತದೆ. ನೀರಿಗೆ ದುಡ್ಡಿಲ್ಲ. ಕುಡಿದವನು ಇಟ್ಟವನಿಗೆ ಏನೂ ಬಾಕಿಯಿಲ್ಲ. ಹಾಗಾದರೆ ಇಟ್ಟವನು ಕುಡಿದವನಿಗೆ ಏನಾದರೂ ಬಾಕಿಯೇ? ನೀರು ಕೆಟ್ಟಿದ್ದರೆ "ಪುಕ್ಕಟೆ ಕೊಟ್ಟಿದ್ದಲ್ಲವೇ" ಎಂದರೆ ನಾವು ಒಪ್ಪುವುದಿಲ್ಲ. ಇಷ್ಟು ಸುಲಭ. ಕಷ್ಟದ ಪ್ರಶ್ನೆ ಮುಂದಿನದು. ಹತ್ತು ವರ್ಷ ಅಲ್ಲಿ ನೀರಿತ್ತು, ಜನ ಮನೆಯಿಂದ ನೀರು ತರುವುದನ್ನು ಬಿಟ್ಟರು, ಆಮೇಲೆ ಒಂದು ದಿನ ಮಡಕೆ ಇಲ್ಲ. ಇಟ್ಟವನಿಗೆ ಬೇಜಾರಾಗಿರಬಹುದು, ವಯಸ್ಸಾಗಿರಬಹುದು. ಅವನಿಗೆ ಮುಚ್ಚುವ ಹಕ್ಕಿಲ್ಲವೇ? ಇದೆ ಎಂದೇ ನನ್ನ ಅನಿಸಿಕೆ. ಆದರೆ ಆ ಹಕ್ಕು ಮಡಕೆ ಇಡುವ ಮೊದಲ ದಿನ ಇದ್ದಷ್ಟು ಹಗುರವಾಗಿ ಹತ್ತನೆಯ ವರ್ಷದಲ್ಲಿ ಉಳಿದಿರುವುದಿಲ್ಲ.

ಆ್ಯಪಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಮಡಕೆಯನ್ನು ಹಾಗೇ ಬಿಟ್ಟರೆ ಹಾಗೇ ಇರುತ್ತದೆ. ಆ್ಯಪ್ ಹಾಗಲ್ಲ, ಮುಟ್ಟದಿದ್ದರೂ ಕೆಡುತ್ತದೆ. ಆಂಡ್ರಾಯ್ಡ್ 10 ಬಂದಾಗ ಫೋನಿನ ಕಡತಗಳನ್ನು ಆ್ಯಪ್‌ಗಳು ಮುಟ್ಟುವ ಕ್ರಮವೇ ಬದಲಾಯಿತು. ಆಂಡ್ರಾಯ್ಡ್ 11ರಲ್ಲಿ, ಹಿನ್ನೆಲೆ ಕೆಲಸಕ್ಕೆ ಎಲ್ಲರೂ ಬಳಸುತ್ತಿದ್ದ ಅಸಿಂಕ್‌ಟಾಸ್ಕ್ ಇನ್ನು ಬೇಡ ಎಂದರು. ಅದಕ್ಕೂ ಮೊದಲು 2019ರಲ್ಲಿ, ಇನ್ನು ಮುಂದೆ ಜಾವಾಕ್ಕಿಂತ ಕಾಟ್ಲಿನ್ ಮೊದಲು ಎಂದು ಗೂಗಲ್ ಘೋಷಿಸಿತ್ತು. ಪ್ಲೇ ಸ್ಟೋರಿನವರು ಪ್ರತಿ ವರ್ಷ ಒಂದು ಗಡುವು ಕೊಡುತ್ತಾರೆ. 2024ರ ಆಗಸ್ಟ್ 31ಕ್ಕೆ ಆಂಡ್ರಾಯ್ಡ್ 14ಕ್ಕೆ ಹೊಂದಿಸಿ, 2025ರ ಆಗಸ್ಟ್ 31ಕ್ಕೆ ಆಂಡ್ರಾಯ್ಡ್ 15ಕ್ಕೆ ಹೊಂದಿಸಿ, ಹೀಗೆ. ಹೊಂದಿಸದೆ ತೀರಾ ಹಿಂದೆ ಉಳಿದ ಆ್ಯಪ್ ಹೊಸ ಫೋನಿನವರಿಗೆ ಸ್ಟೋರಿನಲ್ಲಿ ಕಾಣುವುದೇ ಇಲ್ಲ. ಒಂದಕ್ಷರ ಹೊಸ ಸೌಕರ್ಯ ಸೇರಿಸದೆಯೂ ವರ್ಷಕ್ಕೆ ಇಷ್ಟು ಭಾನುವಾರ ಅಂತ ತೆರಬೇಕು. ಹೊರಗಿನವರಿಗೆ ಏನೂ ಬದಲಾದಂತೆ ಕಾಣಬಾರದು, ಅದೇ ಕೆಲಸ.

ಆ ಇಮೇಲಿಗೆ ಉತ್ತರ ಬರೆದು ಮರುವಾರ ನಾನು ಮಾಲೂರಿಗೇ ಹೋದೆ. ಕೆ.ಆರ್. ಪುರದಿಂದ ಬಂಗಾರಪೇಟೆ ಕಡೆಯ ಮೆಮು ರೈಲು. 1864ರಲ್ಲಿ ದಂಡು ಸ್ಟೇಷನ್ನಿನಿಂದ ಜೋಲಾರಪೇಟೆಗೆ ಹಾಕಿದ ದಾರಿ ಅದು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೀಮ್ಯಾನ್ ಒಬ್ಬ ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿಯ ಪಕ್ಕ ನಡೆದುಹೋಗುತ್ತಿದ್ದ. ಸಡಿಲವಾದ ಕೀಲು ಕಂಡಲ್ಲಿ ನಿಂತು ಬಡಿಯುತ್ತಾನೆ, ಮತ್ತೆ ನಡೆಯುತ್ತಾನೆ. ನಾಳೆ ಮತ್ತೆ ಅದೇ ದಾರಿ. ನಾವು ಟೆಸ್ಟ್ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಕೋಡು ಬದಲಾದಾಗಲೆಲ್ಲ ಯಂತ್ರವೇ ಒಂದು ಸಲ ಇಡೀ ಹಳಿ ನಡೆದು, ಹಿಂದೆ ಬಿಗಿಯಾಗಿದ್ದದ್ದು ಈಗಲೂ ಬಿಗಿಯಾಗಿದೆಯೇ ಎಂದು ತಟ್ಟಿ ನೋಡುತ್ತದೆ. ನನ್ನ ಆ್ಯಪಿನಲ್ಲಿ ಆಗ ಇದ್ದದ್ದು ಹದಿನಾಲ್ಕು ಟೆಸ್ಟ್. ಅದರಲ್ಲಿ ಆರು, ಪರದೆ ತೆರೆದುಕೊಳ್ಳುತ್ತದೆಯೇ ಎಂದಷ್ಟೇ ನೋಡುತ್ತಿದ್ದವು.

ಮೇಷ್ಟ್ರ ಮನೆಯಲ್ಲಿ ಅಮ್ಮ ಕಾಫಿ ಕೊಟ್ಟರು. ಮೇಷ್ಟ್ರು ಫೋನು ತೆಗೆದು ತೋರಿಸಿದರು. ಅವರು ಬರೆಯುತ್ತಿದ್ದದ್ದು ತಮ್ಮ ವಿದ್ಯಾರ್ಥಿಗಳ ಬಗ್ಗೆ. ಮೂವತ್ತೆರಡು ವರ್ಷ ಪಾಠ ಮಾಡಿದವರು, ನೆನಪಿದ್ದಷ್ಟು ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಪುಟ. ಯಾರು ಯಾವ ಊರಿನಿಂದ ನಡೆದು ಬರುತ್ತಿದ್ದರು, ಯಾರು ಶಾಲೆ ಬಿಟ್ಟು ಹೆಂಚಿನ ಕಾರ್ಖಾನೆಗೆ ಹೋದರು, ಯಾರಿಗೆ ರ‍್ಯಾಂಕ್ ಬಂತು. ಕೆಲವರು ತೀರಿಹೋಗಿದ್ದಾರೆ. ನೂರಾರು ಪುಟ. ಅದರ ತುಂಬ ನನ್ನ ಕಸಬರಿಕೆ ಆಡಿತ್ತು.

ಯಂತ್ರದಿಂದ ಇದನ್ನು ಹಿಂದಕ್ಕೆ ತರುವುದು ಆಗದ ಮಾತು. ಎಲ್ಲಿ ಒತ್ತು ಸಹಜ, ಎಲ್ಲಿ ನಾನು ತಂದು ಅಂಟಿಸಿದ್ದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ನಾನು ಪದಗಳ ಪಟ್ಟಿ ಮಾಡಿ ಆದಷ್ಟು ಸರಿಪಡಿಸುವ ಒಂದು ಉಪಾಯ ಹೇಳಿದೆ. ಅವರು ಕೇಳಿಸಿಕೊಂಡು, "ನಿಮಗೆ ಇದಕ್ಕೆ ಸಂಬಳ ಎಷ್ಟು ಕೊಡ್ತಾರೆ?" ಅಂದರು.

"ಇಲ್ಲ ಮೇಷ್ಟ್ರೇ, ಇದು ಸುಮ್ಮನೆ. ಬಿಡುವಿನಲ್ಲಿ ಮಾಡೋದು."

"ಅಯ್ಯೋ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸಂಬಳ ಇದ್ದಿದ್ರೆ ಬೈಬಹುದಾಗಿತ್ತು."

ಅವರು ತಮಾಷೆಗೆ ಅಂದದ್ದು. ನನಗೆ ವಾಪಸು ಬರುವ ದಾರಿಯುದ್ದಕ್ಕೂ ಅದೇ ಮಾತು. ಪುಕ್ಕಟೆ ಕೊಡುವವನು ತೆಗೆದುಕೊಳ್ಳುವವನಿಂದ ಏನೂ ಕೇಳುವುದಿಲ್ಲ ಎಂದು ನಾವು ಹೇಳಿಕೊಳ್ಳುತ್ತೇವೆ. ಕೇಳುತ್ತೇವೆ. ದೂರುವ ಹಕ್ಕನ್ನು ಕೇಳದೆಯೇ ತೆಗೆದುಕೊಂಡಿರುತ್ತೇವೆ. ದುಡ್ಡು ಕೊಟ್ಟವನು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದು. ದಾನ ಪಡೆದವನು ಎಲ್ಲಿಗೆ ಹೋಗಬೇಕು? "ನಾನೇನಾದರೂ ತಪ್ಪು ಬಟನ್ ಒತ್ತಿದೆನೇ" ಎಂದು ತನ್ನನ್ನೇ ಅನುಮಾನಿಸಿಕೊಳ್ಳಬೇಕು.

ನಮ್ಮ ಶಾಸನಗಳಲ್ಲಿ ಪದೇ ಪದೇ ಬರುವ ಒಂದು ಪದಪುಂಜವಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ದೇವಸ್ಥಾನಕ್ಕೆ ಭೂಮಿ ಬಿಡುವಾಗ ಪೂಜೆಗಿಷ್ಟು, ಒಡೆದದ್ದು ಬಿರಿದದ್ದು ಸರಿಪಡಿಸುವುದಕ್ಕಿಷ್ಟು ಎಂದು ಮೊದಲೇ ಬರೆದುಬಿಡುತ್ತಿದ್ದರು. ಕಟ್ಟಿಸಿದ ದಿನವೇ ಇದು ಒಡೆಯುತ್ತದೆ ಎಂದು ಒಪ್ಪಿಕೊಂಡವರು. ಕೆರೆಗೂ ಹಾಗೆಯೇ. ಕೆರೆ ಕಾಯುವವರಿಗೆ, ಹೂಳೆತ್ತುವವರಿಗೆ ಭೂಮಿ ಬಿಡುತ್ತಿದ್ದರು, ಬಿತ್ತುವಟ್ಟ ಎಂಬ ಪದವೇ ಇತ್ತು. ಶಾಸನದ ಕೊನೆಗೆ ಬರುವ ಸಂಸ್ಕೃತ ಶ್ಲೋಕಗಳಲ್ಲಿ ಒಂದು, ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಹೆಚ್ಚಿನದು ಎನ್ನುತ್ತದೆ. ದಾನಿಗಳೇ ಕೆತ್ತಿಸಿದ ಕಲ್ಲಿನಲ್ಲಿ ದಾನಕ್ಕೆ ಎರಡನೆಯ ಸ್ಥಾನ! ಮಗನಿಗೋ ಮುಂದಿನ ರಾಜನಿಗೋ ಕಿತ್ತುಕೊಳ್ಳುವ ಮನಸ್ಸಾಗದಿರಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು, ನಿಜ. ಅದೇನೇ ಇರಲಿ, ಕಾಯುವ ಕೆಲಸಕ್ಕೆ ಅವರು ಗದ್ದೆ ಬಿಟ್ಟಿದ್ದರು, ಬರೀ ಪುಣ್ಯ ಬಿಟ್ಟಿರಲಿಲ್ಲ. ನಾವು ಕಾಯುವವರಿಗೆ ಕೊಡುವುದು ಒಂದು ನಕ್ಷತ್ರ, ಒಂದು ಹೆಬ್ಬೆರಳು. ಈಚೆಗೆ ಸ್ವಲ್ಪ ಬದಲಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜೆರೋಧಾ ಕಂಪನಿ ಇಂಥ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯೊಂದನ್ನು ಘೋಷಿಸಿತು. ಲೋಕದ ಅಗತ್ಯಕ್ಕೆ ಅದು ಒಂದು ಗುಂಟೆ. ಆದರೂ ಗದ್ದೆ ಗದ್ದೆಯೇ.

ನನ್ನ ಆ್ಯಪ್ ಕೆಟ್ಟರೆ ಬರಹ ಕೆಡುತ್ತದೆ. ಅದಕ್ಕಿಂತ ದೊಡ್ಡದು ಕೆಡುವ ಕಡೆ ಏನು ಮಾಡುತ್ತಾರೆ ಎಂದು ನೋಡಹೋದೆ. ದೂರ ಹೋಗಬೇಕಾಗಲಿಲ್ಲ. ಭಾರತದಲ್ಲಿ ರಕ್ತದೊತ್ತಡ ನಿಯಂತ್ರಣದ ಒಂದು ಕಾರ್ಯಕ್ರಮವನ್ನು 2017ರ ನವೆಂಬರಿನಲ್ಲಿ ಐಸಿಎಂಆರ್, ಆರೋಗ್ಯ ಸಚಿವಾಲಯ, ರಾಜ್ಯ ಸರ್ಕಾರಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 5 ರಾಜ್ಯಗಳ 25 ಜಿಲ್ಲೆಗಳಲ್ಲಿ ಶುರುಮಾಡಿದವು. ಅದರಲ್ಲಿ ಬಳಕೆಗೆ ಬಂದ ಸಿಂಪಲ್ ಎಂಬ ಆಂಡ್ರಾಯ್ಡ್ ಆ್ಯಪನ್ನು ರಿಸಾಲ್ವ್ ಟು ಸೇವ್ ಲೈವ್ಸ್ ಸಂಸ್ಥೆಗಾಗಿ ಕಟ್ಟಿದವರಲ್ಲಿ ಬೆಂಗಳೂರಿನ ಆಬ್ವಿಯಸ್ ಒಂದು; ಸರ್ವರ್ ಭಾಗದಲ್ಲಿ ದುಡಿದದ್ದು ಇಂದಿರಾನಗರದ ನಿಲೆನ್ಸೋ, ನೌಕರರೇ ಮಾಲೀಕರಾಗಿ ನಡೆಸುವ ಸಂಸ್ಥೆ. ಕೋಡೆಲ್ಲ ತೆರೆದೇ ಇದೆ. ಆಸ್ಪತ್ರೆಯ ನರ್ಸ್ ರೋಗಿಯ ಕಾರ್ಡಿನ ಮೇಲಿನ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ ಅಂದಿನ ಬಿಪಿ ಬರೆಯುತ್ತಾಳೆ. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲೇ ಉಳಿದು, ಸಿಕ್ಕಾಗ ಸರ್ವರಿಗೆ ಹೋಗುತ್ತದೆ.

ಇಂಥ ಆ್ಯಪಿನಲ್ಲಿ ಒಂದೇ ಒಂದು ಚಿಹ್ನೆಯ ಬೆಲೆ ಯೋಚಿಸಿ. ಬಿಪಿ ಹತೋಟಿಯಲ್ಲಿದೆ ಎನ್ನಬೇಕಾದರೆ ಮೇಲಿನ ಅಂಕೆ 140ಕ್ಕಿಂತ, ಕೆಳಗಿನದು 90ಕ್ಕಿಂತ ಕಡಿಮೆ ಇರಬೇಕು. ಹಾಗಾದರೆ ಸರಿಯಾಗಿ 140 ಬಂದವರು? ಹತೋಟಿಯಲ್ಲಿಲ್ಲ. "140 ಅಥವಾ ಹೆಚ್ಚು" ಎಂದು ಬರೆಯುವ ಕಡೆ ಕೈತಪ್ಪಿ "140ಕ್ಕಿಂತ ಹೆಚ್ಚು" ಎಂದಾದರೆ ಆ್ಯಪ್ ನಿಲ್ಲುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. 140 ಬಂದ ಒಬ್ಬ ಅಜ್ಜಿಯ ಹೆಸರು, ಫಾಲೋ ಮಾಡಬೇಕಾದವರ ಪಟ್ಟಿಯಲ್ಲಿ ಬರುವುದಿಲ್ಲ, ಅಷ್ಟೇ. ಯಾರಿಗೂ ತಿಳಿಯುವುದೂ ಇಲ್ಲ. ಸರಿಯಾಗಿ 139, 140, 141 ಕೊಟ್ಟು ನೋಡುವ ಮೂರು ಸಾಲಿನ ಟೆಸ್ಟ್ ಇದ್ದರೆ ಮಾತ್ರ ತಿಳಿಯುತ್ತದೆ. ಆ ಟೆಸ್ಟ್ ಬರೆಯುವವನು ಅಜ್ಜಿಯನ್ನು ನೋಡಿರುವುದಿಲ್ಲ, ನೋಡುವುದೂ ಇಲ್ಲ. ಆ ಯೋಜನೆಯವರು, ಯಾವ ನಿರ್ಧಾರ ಏಕೆ ತೆಗೆದುಕೊಂಡೆವು ಎಂಬ ಟಿಪ್ಪಣಿಗಳನ್ನೂ ಕೋಡಿನ ಜೊತೆಗೇ ಇಟ್ಟಿದ್ದಾರೆ. ಅದನ್ನು ಓದುವಾಗ ನನಗೆ ನನ್ನ ಆ್ಯಪಿನ ಆ ವಿಚಿತ್ರ ಸಾಲು ನೆನಪಾಯಿತು. ಬರೆದವರು ಒಂದು ಮಾತು ಬರೆದಿಟ್ಟಿದ್ದರೆ!

ಆದರೆ ತಪ್ಪನ್ನು ಅವರ ಮೇಲೆ ಹಾಕುವುದು ಜಾಣತನ. ಯಾರೋ ಕಷ್ಟಪಟ್ಟು ಇಟ್ಟ ಸಾಲಿಗೆ ಕಾರಣ ಇದ್ದೀತು ಎಂದು ಭಾವಿಸುವುದು ನನ್ನ ಕೆಲಸವಾಗಿತ್ತು. ಹಳೆಯ ಕೋಡನ್ನು ಕಂಡ ಕೂಡಲೇ ನಮಗೆ ಒಂದು ಬಗೆಯ ಮೇಲರಿಮೆ ಹತ್ತುತ್ತದೆ. ಎಂಥ ಗಲೀಜು, ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆನೇ ಎಂದು. ಹಳೆ ಮನೆ ಕೊಂಡವರು ಮೊದಲು ಗೋಡೆ ಒಡೆಸುವ ಹಾಗೆ. "ಸುಧಾರಣೆ" ಎಂಬ ಪದದಡಿ ನಾವು ಮಾಡುವ ಎಷ್ಟೋ ಕೆಲಸ ಬಳಸುವವರಿಗಾಗಿ ಅಲ್ಲ, ನಮ್ಮ ಕಣ್ಣಿಗಾಗಿ. ಮೊದಲು ಇದ್ದದ್ದು ಏನು ಮಾಡುತ್ತಿದೆ ಎಂದು ಟೆಸ್ಟಿನಲ್ಲಿ ಹಿಡಿದಿಟ್ಟು ಆಮೇಲೆ ಮುಟ್ಟು ಎಂಬ ಹಳೆಯ ಶಿಸ್ತನ್ನು ತಾಂತ್ರಿಕ ಸಲಹೆ ಎಂದೇ ತಿಳಿದಿದ್ದೆ. ಈಗ ಅದು ವಿನಯದ ಒಂದು ಬಗೆ ಎಂದು ತೋರುತ್ತದೆ. ಹಾಗೆಂದು ಟೆಸ್ಟನ್ನೇ ಪೂಜಿಸಲೂ ಆಗದು. ಏನನ್ನೂ ಕೇಳದ ಟೆಸ್ಟುಗಳನ್ನು ಬರೆದು ಶೇಕಡಾ 90 ಕೋಡು ಪರೀಕ್ಷೆಗೆ ಒಳಪಟ್ಟಿದೆ ಎಂದು ತೋರಿಸುವುದು, ಬಾರದವರ ಹಾಜರಿ ಹಾಕಿದಷ್ಟೇ ಸುಲಭ. ನಾನೂ ಹಾಕಿದ್ದೇನೆ.

ಟೆಸ್ಟುಗಳನ್ನು ಯಾರೂ ಓದುವುದಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲ ಒಬ್ಬ ಕಳ್ಳ ಇದ್ದ. ಲಿನಕ್ಸ್ ಯಂತ್ರಗಳಲ್ಲಿ ಎಲ್ಲೆಲ್ಲೂ ಇರುವ ಎಕ್ಸ್‌ಝಡ್ ಎಂಬ ಸಣ್ಣ ಸಾಧನವನ್ನು ಲಾಸ್ಸೆ ಕಾಲಿನ್ ಎಂಬೊಬ್ಬರು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದರು. ದಣಿದಿದ್ದರು, ತಮ್ಮ ಮಾನಸಿಕ ಆರೋಗ್ಯದ ತೊಂದರೆಯನ್ನೂ ಹೇಳಿಕೊಂಡಿದ್ದರು. ಕೆಲಸ ನಿಧಾನವಾಗುತ್ತಿದೆ, ಬೇರೆಯವರಿಗೆ ಕೊಡಿ ಎಂದು ಅವರ ಮೇಲೆ ಒತ್ತಡ ಹಾಕುವ ಮಾತುಗಳು ಬಂದವು. ಜಿಯಾ ಟಾನ್ ಎಂಬ ಹೆಸರಿನ ಸಹಾಯಕ ಬಂದ. ಎರಡು ವರ್ಷಕ್ಕೂ ಮಿಕ್ಕಿ ತಾಳ್ಮೆಯಿಂದ ದುಡಿದು ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟ. ಅದನ್ನು ಅಡಗಿಸಿದ್ದು ಟೆಸ್ಟಿಗೆಂದು ಇಟ್ಟ ಕಡತಗಳಲ್ಲಿ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗುವುದಕ್ಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಪತ್ತೆಮಾಡಿದರು. ಈ ಕಥೆಯಲ್ಲಿ ಕಳ್ಳನಿಗಿಂತ ನನ್ನನ್ನು ಕಾಡುವುದು, ದಣಿದವನ ಮೇಲೆ ಹೇರಿದ ಒತ್ತಡ. ದೂರುವ ಹಕ್ಕು ಬಳಸುವವರಿಗೆ ಇದೆ ಎಂದು ಮೇಷ್ಟ್ರ ಪರವಾಗಿ ವಾದಿಸುತ್ತಿರುವ ನಾನು, ಆ ಹಕ್ಕು ಹೀಗೂ ನಡೆದುಕೊಳ್ಳುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಬಿಟ್ಟುಹೋಗುವುದರಲ್ಲೂ ಬಗೆಗಳಿವೆ. ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಜನಪ್ರಿಯ ಆ್ಯಪ್‌ಗಳ ಗುಂಪು (ಮೇಲೆ ಹೇಳಿದ ಸಿಂಪಲ್‌ಗೂ ಇದಕ್ಕೂ ಸಂಬಂಧವಿಲ್ಲ) 2023ರ ಕೊನೆಗೆ ಒಂದು ಕಂಪನಿಗೆ ಮಾರಾಟವಾಯಿತು. ಅದಕ್ಕೆ ಕೈಜೋಡಿಸಿದ್ದ ಹಲವರಿಗೆ ಅದು ಆಘಾತ. ಕೋಡು ತೆರೆದಿದ್ದರಿಂದ ಅದರ ಪ್ರತಿಯಿಂದಲೇ ಫಾಸಿಫೈ ಎಂಬ ಹೊಸ ಕವಲು ಬೆಳೆಯಿತು. ಸಿಂಕ್‌ಥಿಂಗ್‌ನ ಆಂಡ್ರಾಯ್ಡ್ ಆ್ಯಪ್ ನೋಡಿಕೊಳ್ಳುತ್ತಿದ್ದವರು, 2024ರ ಡಿಸೆಂಬರ್‌ಗೆ ನಿಲ್ಲಿಸುತ್ತೇನೆ ಎಂದು ಮೊದಲೇ ಹೇಳಿ ನಿಲ್ಲಿಸಿದರು. ಅದರದ್ದೂ ಒಂದು ಕವಲು ನಡೆಯುತ್ತಿದೆ. ಮಾರಿದವರನ್ನು ನಾನು ಬೈಯಲಾರೆ, ಅವರ ಮನೆಯ ಖರ್ಚು ನನಗೆ ಗೊತ್ತಿಲ್ಲ. ಆದರೂ ಹೇಳಿ ಮುಚ್ಚುವುದಕ್ಕೂ ಹೇಳದೆ ಕೈಬದಲಾಯಿಸುವುದಕ್ಕೂ ನಡುವೆ ವ್ಯತ್ಯಾಸ ಇದ್ದೇ ಇದೆ. ಮುಚ್ಚುವವನು ಮುಂದಿನವರಿಗೆ ಏನು ಬಿಟ್ಟುಹೋಗುತ್ತಾನೆ ಎಂಬುದೂ ಮುಖ್ಯ. ಟೆಸ್ಟ್ ಇಲ್ಲದ ಕೋಡಿನ ಕವಲು ಒಡೆಯುವುದೆಂದರೆ, ಬಾವಿ ಎಲ್ಲಿದೆ ಎಂದು ಹೇಳದೆ ಮಡಕೆ ಕೊಟ್ಟುಹೋದಂತೆ.

ಮೇಷ್ಟ್ರು ಪಟ್ಟಿಯ ಉಪಾಯವನ್ನು ಪೂರ್ತಿ ನಂಬಲಿಲ್ಲ. ನನ್ನ ಕೆಲಸ ಮುಗಿದ ಮೇಲೂ ಒಂದೊಂದೇ ಪುಟ ತೆರೆದು ಮೂರು ತಿಂಗಳು ಕೂತು ತಾವೇ ತಿದ್ದಿದರು. ತಿದ್ದುವಾಗ ಸಿಕ್ಕ ಪದಗಳನ್ನು ನನಗೆ ಬರೆದು ಕಳಿಸುತ್ತಿದ್ದರು: ಸಾಫ್ಟ್‌ವೇರ್, ರ‍್ಯಾಲಿ, ಬಸ್‌ಗೆ, ಹೆಡ್‌ಮಾಸ್ಟರ್. ಒಂದೊಂದು ಪದಕ್ಕೂ ಒಂದೊಂದು ಟೆಸ್ಟ್ ಬರೆದೆ. ಈಗ ಆ ಕಡತದಲ್ಲಿ ಅರವತ್ತೊಂದು ಪದಗಳಿವೆ. ಯಾರಾದರೂ ನಾಳೆ ಬಂದು ಆ ಸಾಲನ್ನು ಅಳಿಸಿದರೆ ಅರವತ್ತೊಂದೂ ಒಟ್ಟಿಗೆ ಕೆಂಪಾಗುತ್ತವೆ. ಮೊದಲನೆಯ ಪದ ರಾಜ್‌ಕುಮಾರ್. ಮೇಲೆ ಎರಡು ಸಾಲಿನ ಟಿಪ್ಪಣಿಯೂ ಇದೆ.

ಮೂರು ವಾರದ ಹಿಂದೆ ಅವರಿಂದ ಇನ್ನೊಂದು ಇಮೇಲ್ ಬಂದಿದೆ. ಈ ಸಲ "ಮಾನ್ಯರೇ" ಎಂಬುದಿಲ್ಲ, ನೇರವಾಗಿ ವಿಷಯಕ್ಕೆ ಬಂದಿದ್ದಾರೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಇನಿಷಿಯಲ್ ಮೊದಲು ಬರೆದವರೆಲ್ಲ ತಪ್ಪು ಜಾಗಕ್ಕೆ ಹೋಗುತ್ತಾರಂತೆ, ಒಬ್ಬ ಹುಡುಗ ಹುಡುಕಿದರೂ ಸಿಗಲಿಲ್ಲವಂತೆ, ಇದನ್ನು ಹೋದ ವರ್ಷವೇ ಹೇಳಿದ್ದರಂತೆ. ಕೊನೆಯ ಸಾಲು ಬೈಗುಳಕ್ಕೆ ಬಹಳ ಹತ್ತಿರವಿದೆ. ಆಗಸ್ಟಿನ ಗಡುವು ಇನ್ನೂ ಬಾಕಿಯಿದೆ, ಇದನ್ನು ಇನ್ನೂ ಮುಟ್ಟಿಲ್ಲ. ಉತ್ತರ ಮಾತ್ರ ಬರೆದಿದ್ದೇನೆ.